ಹಗೇವಿನಿಂದ ಬಾರದ ಉತ್ತರ

ಓಣಿಯಲ್ಲಿ ಯಾರನ್ನಾದರೂ ಕರೆದು, ಉತ್ತರ ಬರುವುದು ತಡವಾದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಒಲೆಯ ಮುಂದಿದ್ದರೂ ಎದ್ದು ಬಾಗಿಲಿಗೆ ಬರುತ್ತೇನೆ. ಎದುರುಮನೆಯ ಕಟ್ಟೆಯ ಮೇಲೆ ಮಾವ ಇದ್ದಾರೆಯೇ ಎಂದು ನೋಡುತ್ತೇನೆ. ರಕ್ತಸಂಬಂಧವೇನಿಲ್ಲ. ಓಣಿಯ ರೂಢಿಯಲ್ಲಿ ಅವರು ಮಾವ, ಅವರ ಹೆಂಡತಿ ಅತ್ತೆ.

ನಮ್ಮದು ಕೂಡ್ಲಿಗಿಯ ಹಳೇ ಭಾಗ. ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಓಣಿಯ ಬೋರ್‌ವೆಲ್ಲೇ ಗತಿ. ಕಳೆದ ಬೇಸಿಗೆಯಲ್ಲಿ ಅದೂ ಕೆಸರು ಕಾರತೊಡಗಿತು. ಟ್ಯಾಂಕರ್ ಬಂದಾಗ ಯಾರ ಕೊಡ ಮುಂದೆ ಎಂದು ಮಾವನಿಗೂ ಮೂಲೆಮನೆಯವನಿಗೂ ಜಗಳವಾಗಿ ಇಬ್ಬರೂ ಮಾತು ಬಿಟ್ಟರು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುವಾಗ ನೆರೆಹೊರೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಅದು ಒಂದು ಕೊಡಕ್ಕಾಗಿ ಒಡೆಯುವುದನ್ನು ನೋಡಿದ್ದು ಇಲ್ಲಿ.

ಆಗ ಅತ್ತೆಗೆ ಹಗೇವು ನೆನಪಾಯಿತು. ಅವರ ಮನೆಯ ಮುಂದೆ ಹಿಂದಿನವರು ಜೋಳ ತುಂಬಿಡಲು ತೋಡಿದ್ದ ನೆಲದೊಳಗಿನ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ಅಗಲ, ಮೇಲೆ ಕಲ್ಲುಚಪ್ಪಡಿ. ಜೋಳ ತುಂಬುವುದು ನಿಂತು ಎಷ್ಟೋ ವರ್ಷಗಳಾಗಿದ್ದವು. ಸುತ್ತಲಿನ ಮಾಳಿಗೆಗಳ ಮಳೆನೀರನ್ನು ಅದಕ್ಕೆ ಬಿಟ್ಟರೆ ನೆಲಕ್ಕಿಂಗಿ ಬೋರ್‌ವೆಲ್ ಚೇತರಿಸಿಕೊಂಡೀತು ಎಂದು ಎಲ್ಲರೂ ಒಪ್ಪಿದರು. ಮೊದಲು ತಳದ ಹೂಳು ತೆಗೆಯಬೇಕಿತ್ತು. ಇಳಿಯಲು ಮಾವನೇ ಸಿದ್ಧರಾದರು.

ಹಗೇವಿಗೆ ಇಳಿಯಲು ನಮ್ಮ ಕಡೆ ಕೆಲವು ಕಟ್ಟಳೆಗಳಿವೆ. ಚಪ್ಪಡಿ ತೆಗೆದು ಒಂದು ದಿನ ಗಾಳಿಗೆ ಬಿಡಬೇಕು. ದೀಪ ಇಳಿಸಿ, ಅದು ಆರದೆ ಉರಿಯುತ್ತದೆಯೇ ನೋಡಬೇಕು. ಬಾಯಿಯ ಬಳಿ ಒಬ್ಬರು ಕೂತು ಇಳಿದವನೊಡನೆ ಮಾತಾಡುತ್ತಲೇ ಇರಬೇಕು, ಅವನು ಉತ್ತರ ಕೊಡುತ್ತಲೇ ಇರಬೇಕು.

"ಜೋಳ ಇದ್ರ ಕೆಟ್ಟ ಗಾಳಿ ಇರತೈತಿ. ಇದು ಖಾಲಿ ಬಿದ್ದೈತಿ, ದೀಪ ಯಾಕ ಬೇಕು?" ಎಂದರು ಮಾವ. ನಮಗೂ ಅದು ಸರಿಯೆನಿಸಿತು. ಚರಂಡಿ ನೀರು ಜಿನುಗಿ, ತಳದಲ್ಲಿ ಕಸ ಕೊಳೆತಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಚಪ್ಪಡಿ ಸರಿಸಿದೆವು, ಬಿಸಿಲೇರುವ ಮೊದಲೇ ಅವರು ಇಳಿಯಲು ನಿಂತರು. ಕಟ್ಟಳೆಗಳಲ್ಲಿ ಮಾತೊಂದನ್ನು ಮಾತ್ರ ಉಳಿಸಿಕೊಂಡಿದ್ದೆವು.

ಅತ್ತೆ ಅವರ ಕಂಕುಳ ಕೆಳಗೆ ಹಗ್ಗ ಬಿಗಿದರು.

"ನಾನೇನು ಎತ್ತೇನು, ಹಗ್ಗ ಹಾಕಾಕ?"

"ಎತ್ತಾಗಿದ್ರ ಹೇಳಿದ ಮಾತು ಕೇಳತಿತ್ತು. ಸುಮ್ನ ನಿಂದ್ರಿ."

ಬಾಯಿಯ ಬಳಿ ಕೂತವನು ಅತ್ತೆಯ ತಮ್ಮ. ಭಾವನನ್ನು ಕೆಣಕುವುದೆಂದರೆ ಅವನಿಗೆ ಹಬ್ಬ.

"ಭಾವ, ಹೊಟ್ಟಿ ಒಳಗ ಹೋತು. ಹೊರಗ ಬರತೈತಂತೀರಾ?"

"ನಿಮ್ಮಕ್ಕನ ರೊಟ್ಟಿ ತಿಂದ ಹೊಟ್ಟಿ ಲೇ. ಸಣ್ಣಾದ್ರ ಆಕೀಗೇ ಅವಮಾನ!"

ಮೊದಲ ಬುಟ್ಟಿ ಒಣಮಣ್ಣು ಮೇಲೆ ಬಂತು. ಎರಡನೆಯದರಲ್ಲಿ ಕಪ್ಪು ಹಸಿ ಕೆಸರು. ಅತ್ತೆಯ ತಮ್ಮ ಮೂಗು ಮುಚ್ಚಿಕೊಂಡು, "ಭಾವ, ಟ್ಯಾಂಕರ್ ಮುಂದ ಮೂಲಿಮನಿಯವನಿಗೆ ಹೆದರಿ ಕೊಡ ಬಿಟ್ಟು ಬಂದ್ರಂತಲ್ಲ, ಖರೇನಾ?" ಎಂದ.

ಉತ್ತರ ಬರಲಿಲ್ಲ.

"ಸಿಟ್ಟು ಬಂತು ನೋಡ್ರಿ," ಎಂದು ತಮ್ಮ ನಕ್ಕ. ಎಲ್ಲರೂ ನಕ್ಕೆವು. ಸಿಟ್ಟಾದರೆ ಮಾವ ಮಾತು ಬಿಡುತ್ತಾರೆಂಬುದು ಇಡೀ ಓಣಿಗೆ ಗೊತ್ತು. ಆ ನಗು ಎಷ್ಟು ಹೊತ್ತು ಇತ್ತೋ ಈಗಲೂ ತಿಳಿಯದು. ಪ್ರತಿ ಸಲ ನೆನೆದಾಗಲೂ ಅದು ಇನ್ನಷ್ಟು ಉದ್ದವಾಗುತ್ತದೆ.

ಅತ್ತೆ ಮಾತ್ರ ನಗಲಿಲ್ಲ. ಬಗ್ಗಿ ಕಿವಿಗೊಟ್ಟರು. "ಸಿಟ್ಟಾದ್ರ ಕೆಮ್ಮತಾರ. ಮಾತು ಬಿಟ್ರೂ ಕೆಮ್ಮೋದು ಬಿಡಂಗಿಲ್ಲ," ಎಂದವರು ಥಟ್ಟನೆ ಹಗ್ಗಕ್ಕೆ ಕೈ ಹಾಕಿದರು. "ಕೆಮ್ಮವಲ್ರು. ಹಗ್ಗ ಎಳೀರಿ!"

ಅವರ ತಮ್ಮ ಒಳಗೆ ಕಾಲಿಟ್ಟೇಬಿಟ್ಟ. ಅತ್ತೆ ಅವನ ಅಂಗಿ ಹಿಡಿದು ಹಿಂದಕ್ಕೆ ಕೆಡವಿದರು. "ನೀ ಇಳಿದ್ರ ನಿನ್ನ ಎಳ್ಯಾಕ ಹಗ್ಗ ಎಲ್ಲೈತಿ ಲೇ!"

ಅತ್ತೆ, ಅವರ ತಮ್ಮ, ನಾನು ಮೂವರೂ ಎಳೆದರೂ ಹಗ್ಗ ಅಲುಗಲಿಲ್ಲ. ಅಂಗೈ ಸುಲಿಯಿತು. ಆಗ ನನ್ನ ಹಿಂದಿನಿಂದ ಎರಡು ದಪ್ಪ ಕೈಗಳು ಬಂದು ಹಗ್ಗ ಹಿಡಿದವು. ಮೂಲೆಮನೆಯವನು. ಕಟ್ಟೆಗೆ ಕಾಲು ಕೊಟ್ಟು ಎಳೆದ. ಕಿರಿದಾದ ಬಾಯಿಯಲ್ಲಿ ಮಾವನ ಭುಜ ಸಿಕ್ಕಿಕೊಂಡಾಗ ಅವನೇ ಮಲಗಿ, ಕೈ ತೂರಿಸಿ, ಭುಜ ಓರೆ ಮಾಡಿ ಬಿಡಿಸಿದ.

ಮಾವನ ತುಟಿ ನೀಲಿಯಾಗಿತ್ತು. ಅತ್ತೆ "ಏನ್ರಿ, ಏನ್ರಿ" ಎನ್ನುತ್ತ ಅವರ ಎದೆ ತಟ್ಟುತ್ತಿದ್ದರು. ಕೊನೆಗೆ ಗೊರ್ ಎಂದು ಒಂದು ಉಸಿರು ಬಂತು, ಹಿಂದೆಯೇ ಇನ್ನೊಂದು. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಾಗ ನಾನು ಅವರ ಎದೆಯನ್ನು ಮಾತ್ರ ನೋಡುತ್ತಿದ್ದೆ.

ಮಾವ ಬದುಕಿದರು. ಆಮೇಲೆ ಯಾರೂ ಹಗೇವಿಗೆ ಇಳಿಯಲಿಲ್ಲ. ಕೈಲಾದಷ್ಟು ಹೂಳನ್ನು ಮೇಲಿನಿಂದಲೇ ಎತ್ತಿ, ಪೈಪು ಜೋಡಿಸಿ, ಬಾಯಿಗೆ ಕಬ್ಬಿಣದ ಜಾಲರಿ ಬಿಗಿಸಿದೆವು. ಮೊದಲ ಮಳೆಗೆ ನೀರು ಗುಳುಗುಳು ಎಂದು ಒಳಗಿಳಿಯಿತು. ಓಣಿಯ ಹೆಂಗಸರು ಛತ್ರಿ ಹಿಡಿದು ನಿಂತು ಕೇಳಿ ಸಂತೋಷಪಟ್ಟರು. ನಾನು ಹೊರಗೆ ಬರಲಿಲ್ಲ.

ಬೋರ್‌ವೆಲ್ ನೀರು ಈಗ ತಿಳಿಯಾಗಿದೆ. ಮಾವನಿಗೂ ಮೂಲೆಮನೆಯವನಿಗೂ ಮತ್ತೆ ಜಗಳ ಶುರುವಾಗಿದೆ, ಈ ಸಲ ಪೈಪಿನ ಬಗ್ಗೆ. ನಿನ್ನೆ ಸಂಜೆ ಬಾಗಿಲಲ್ಲಿ ನಿಂತು, "ಮಾವ, ಚಾ ಆತೇನ್ರಿ?" ಎಂದೆ. ಕಟ್ಟೆಯ ಮೇಲೆ ಅವರು ನನಗೆ ಬೆನ್ನು ಹಾಕಿ ಕೂತಿದ್ದರು. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಮೆಟ್ಟಿಲಿಳಿದು ಅರ್ಧ ದಾರಿ ಹೋಗಿದ್ದೆ.

ಆಗ ಅವರು ಕೆಮ್ಮಿದರು.