ಮೂರನೆಯ ನಿಯಮ

ನಾವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಪರ್ಕಳದ ಆಸುಪಾಸಿನಲ್ಲಿ ಒಳ್ಳೆಯ ಮಾತಿನ ಫಲ ಸ್ಟೀಲಿನ ರೂಪದಲ್ಲಿ ಕೈಗೆ ಬರುತ್ತಿತ್ತು. ಭಾಷಣದಲ್ಲಿ ಪ್ರಥಮ ಬಂದರೆ ಊಟದ ತಟ್ಟೆ, ದ್ವಿತೀಯಕ್ಕೆ ಲೋಟ, ತೃತೀಯಕ್ಕೆ ಸಾಬೂನಿನ ಪೆಟ್ಟಿಗೆ. ನಾನು ಏಳನೆಯ ಕ್ಲಾಸಿಗೆ ಬರುವಷ್ಟರಲ್ಲಿ ನಮ್ಮ ಮನೆಯ ಐವರಲ್ಲಿ ನಾಲ್ವರು ಗಂಜಿ ಉಣ್ಣುತ್ತಿದ್ದುದು ನನ್ನ ಗಂಟಲಿನ ಸಂಪಾದನೆಯಲ್ಲಿ. ಅಜ್ಜಿಯ ತಟ್ಟೆಯೊಂದು ಬಾಕಿ ಇತ್ತು.

ನನ್ನ ವಿದ್ಯೆಯ ಗುಟ್ಟನ್ನು ಈಗ ಹೇಳಿದರೆ ಅಪಾಯವಿಲ್ಲ. ನನಗೆ ಬರುತ್ತಿದ್ದುದು ಒಂದೇ ಭಾಷಣ, ‘ನೀರಿನ ಮಹತ್ವ’. ವಿಷಯ ಶಿಸ್ತು ಎಂದಾದರೆ ನೀರು ಇದ್ದಲ್ಲೆಲ್ಲ ಶಿಸ್ತು ಎನ್ನುತ್ತಿದ್ದೆ. ವೇದಿಕೆಯಲ್ಲಿ ಆಸೀನರಾದವರನ್ನು ಒಬ್ಬೊಬ್ಬರಾಗಿ ಸಂಬೋಧಿಸುವುದರಲ್ಲೇ ಮೂರು ನಿಮಿಷದಲ್ಲಿ ಒಂದು ಕಳೆದುಹೋಗುತ್ತಿತ್ತು. ಮನೆಯಲ್ಲಿ ನಮ್ಮದು ತುಳು. ಕನ್ನಡವೆಂದರೆ ನನಗೆ ಮದುವೆಗೆ ಮಾತ್ರ ಹೊರತೆಗೆಯುವ ಸೀರೆ. ಮಡಿಕೆ ಕೆಡದಂತೆ ಉಟ್ಟು, ಬಂದೊಡನೆ ಮಡಚಿಡುತ್ತಿದ್ದೆ.

ಆ ವರ್ಷ ನಮ್ಮ ಕ್ಲಾಸಿಗೆ ರೇಣುಕಾ ಬಂದಳು. ಅವಳ ಅಪ್ಪ ಅಮ್ಮ ಬಾಗಲಕೋಟೆ ಕಡೆಯವರು. ಮಣಿಪಾಲದಲ್ಲಿ ಏಳುತ್ತಿದ್ದ ಕಟ್ಟಡಗಳಲ್ಲಿ ಕೆಲಸಕ್ಕಿದ್ದರು. ಅವಳು ಬುತ್ತಿ ಬಿಚ್ಚಿದರೆ ಕ್ಲಾಸಿಗೆಲ್ಲ ಶೇಂಗಾ ಚಟ್ನಿಯ ಬೆಳ್ಳುಳ್ಳಿ ವಾಸನೆ. ಅದನ್ನು ಸಹಿಸಬಹುದಿತ್ತು. ಆದರೆ ಅವಳು ಬಾಯಿ ತೆರೆದರೆ ಮಕ್ಕಳು ಕುಂಟೆಬಿಲ್ಲೆ ಬಿಟ್ಟು ಓಡಿ ಬರುತ್ತಿದ್ದರು. ನನ್ನ ಮಾತು ಕೇಳಲು ಯಾರೂ ಏನನ್ನೂ ಬಿಟ್ಟು ಬಂದ ದಾಖಲೆಯಿಲ್ಲ. ನನ್ನ ಶ್ರೋತೃಗಳನ್ನು ಸಾಲಾಗಿ ಕೂರಿಸಿ, ಪಕ್ಕದಲ್ಲಿ ಬೆತ್ತ ಹಿಡಿದ ಟೀಚರನ್ನು ನಿಲ್ಲಿಸಬೇಕಾಗುತ್ತಿತ್ತು.

ಡಿಸೆಂಬರಿನ ಸ್ಪರ್ಧೆಗೆ ಕಾರ್ಕಳದಿಂದ ನಿವೃತ್ತ ಹೆಡ್‌ಮಾಸ್ಟ್ರೊಬ್ಬರು ತೀರ್ಪುಗಾರರಾಗಿ ಬಂದರು. ವಿಷಯವನ್ನು ಸ್ಥಳದಲ್ಲೇ ಕೊಡುವುದು, ಭಾಷಣವಾದ ಮೇಲೆ ವೇದಿಕೆಯಲ್ಲೇ ಸಂವಾದ ನಡೆಸುವುದು, ಇದು ಅವರ ಹೊಸ ಪದ್ಧತಿ. ವಿಷಯ ‘ಸೃಜನಶೀಲತೆ’ ಎಂದರು.

ನಾನು ಮೊದಲಿಗಳು. “ಸೃಜನಶೀಲತೆಯ ಪ್ರತಿಯೊಂದು ಹನಿಯೂ ಅಮೂಲ್ಯ” ಎಂದೆ; ಚಪ್ಪಾಳೆ ಬಿತ್ತು. ಆ ಹುರುಪಿನಲ್ಲಿ, “ಸೃಜನಶೀಲತೆಯನ್ನು ಕುದಿಸಿ, ಆರಿಸಿ ಕುಡಿಯಬೇಕು” ಎಂದೂ ಘೋಷಿಸಿದೆ. ಅದಕ್ಕೂ ಚಪ್ಪಾಳೆ ಬಿತ್ತು. ಮಾಸ್ಟ್ರು ಮಾತ್ರ ಪೆನ್ನನ್ನು ಕೆಳಗಿಟ್ಟರು.

“ಅಲ್ಲ ಮಗಾ, ನೀನು ಸ್ವಂತ ಎಂತಾದರೂ ಹೊಸತು ಮಾಡಿದ್ದುಂಟಾ?”

“ಅದು ಭಾಷಣದಲ್ಲಿ ಇಲ್ಲ ಸರ್” ಎಂದೆ.

ಆಮೇಲೆ ರೇಣುಕಾ ನಿಂತಳು. ಸಂಬೋಧನೆ ಇಲ್ಲ, ಸಮಾರೋಪ ಇಲ್ಲ.

“ಸೃಜನಶೀಲತೆ ಅಂದ್ರ ಏನಂತ ನನಗ ಗೊತ್ತಿಲ್ರೀ. ನಮ್ಮವ್ವ ಕೌದಿ ಹೊಲಿತಾಳ್ರೀ. ಹರದ ಸೀರಿ, ಹಳೇ ಅಂಗಿ, ಎಲ್ಲಾ ತುಂಡು ಕೂಡಿಸಿ ಹೊದಿಯಾಕ ಮಾಡ್ತಾಳ. ಯಾವ ತುಂಡು ಎಲ್ಲಿ ಇಡೂದು ಅನ್ನೂದರಾಗ ಐತ್ರೀ ಎಲ್ಲಾ.”

“ಎಲ್ಲಿಟ್ಟರೂ ಹೊದಿಕೆ ಹೊದಿಕೆಯೇ ಅಲ್ವಾ?” ಎಂದರು ಮಾಸ್ಟ್ರು.

“ಹೆಂಗ ಅಕ್ಕೈತ್ರೀ? ನಮ್ಮಪ್ಪನ ಅಂಗಿ ತುಂಡು ಕಾಲ್ ಕಡೆ ಬಂದ್ರ ನಾ ಅದರ ಮ್ಯಾಲ ಕಾಲಿಟ್ಟು ಹೆಂಗ ಮಲಗ್ಲಿ? ಅದಕ್ಕ ಅಪ್ಪನ ಅಂಗಿ ತಲಿ ಕಡೆ.”

“ಮತ್ತೆ ಕಾಲಿನ ಕಡೆಗೆ ಎಂತ?”

“ನನ್ನ ಸಾಲಿ ಲಂಗಾ ರೀ. ಅದರಾಗ ಹೆಂಗೂ ಮರ್ಯಾದಿ ಉಳದಿಲ್ಲ.”

ಸಭೆ ನಗುವಿನಿಂದ ಅಲ್ಲಾಡಿಹೋಯಿತು. ಮಾಸ್ಟ್ರು ಅಂಕ ಹಾಕುವುದನ್ನು ಮರೆತು ಮುಂದಕ್ಕೆ ಬಗ್ಗಿ ಕೂತಿದ್ದರು. ಬೆತ್ತದ ಟೀಚರ್ ಕೂಡ ಬೆತ್ತವನ್ನು ಗೋಡೆಗೆ ಒರಗಿಸಿದ್ದರು. ನನ್ನ ಹೊಟ್ಟೆಯೊಳಗೆ ಎಂಥದೋ ಹೊತ್ತಿಕೊಂಡಿತು. ನಾನು ಎದ್ದು ನಿಂತು ಕೈ ಎತ್ತಿದೆ.

“ಮಾನ್ಯ ತೀರ್ಪುಗಾರರೇ, ಮೂರನೆಯ ನಿಯಮದ ಪ್ರಕಾರ ಭಾಷಣವು ಶುದ್ಧ ಕನ್ನಡದಲ್ಲಿರಬೇಕು. ಕೌದಿ, ಐತಿ, ಸಾಲಿ, ಇವು ಯಾವುವೂ ಪುಸ್ತಕದಲ್ಲಿ ಇಲ್ಲ.”

ಮಾಸ್ಟ್ರು ಸ್ಪರ್ಧೆಯ ನಿಯಮಗಳ ನೋಟೀಸು ತರಿಸಿ ಓದಿದರು. ಕನ್ನಡಕ ತೆಗೆದು ಒರೆಸಿದರು. “ನಿಯಮ ಉಂಟು, ಹೌದು” ಎಂದರು, ಹಲ್ಲುನೋವಿದ್ದವರ ಹಾಗೆ.

“ಹಂಗಾರ ನಾ ಮಾತಾಡಿದ್ದು ಕನ್ನಡ ಅಲ್ಲೇನ್ರೀ?” ಎಂದಳು ರೇಣುಕಾ.

ತುಳು, ಕೊಂಕಣಿ, ಬ್ಯಾರಿ ಮನೆಗಳಿಂದ ಬಂದ ನಾವಷ್ಟೂ ಮಂದಿ ಅಲ್ಲಿ ಕೂತಿದ್ದೆವು. ಹುಟ್ಟಿದಂದಿನಿಂದ ಕನ್ನಡ ಆಡಿದವಳು ಅವಳೊಬ್ಬಳೇ.

ತಟ್ಟೆ ನನಗೆ ಬಂತು, ಲೋಟ ಅವಳಿಗೆ. ಅಜ್ಜಿ “ತಿಕ್ಕ್‌ಂಡಾ?” ಎಂದು ತುಳುವಿನಲ್ಲಿ ವಿಚಾರಿಸಿ, ಸಿಕ್ಕಿದ್ದನ್ನು ಬೆರಳಿನಿಂದ ಟಣ್ಣೆಂದು ಬಡಿದು, “ದಪ್ಪ ಉಂಡು” ಎಂದು ಅದರ ದಪ್ಪವನ್ನು ಮೆಚ್ಚಿದರು.

ಮಾರನೆಯ ದಿನ ರೇಣುಕಾ ಜಗಳಕ್ಕೆ ಬರುತ್ತಾಳೆಂದು ನಾನು ಸಿದ್ಧಳಾಗಿದ್ದೆ. ಅವಳು ಬುತ್ತಿ ಹಿಡಿದು ಬಂದಳು.

“ಸುಜಾತಾ, ನನಗೂ ಶುದ್ಧ ಕನ್ನಡ ಕಲಸ್ತೀಯೇನ?”

ನಾನು ಗುರುಸ್ಥಾನವನ್ನು ಗಂಭೀರವಾಗಿ ಸ್ವೀಕರಿಸಿದೆ. ಮಧ್ಯಾಹ್ನಕ್ಕೊಂದು ರೊಟ್ಟಿ ದಕ್ಷಿಣೆ. “ಐತಿ ಅಲ್ಲ, ಉಂಟು. ಏನು ಅಲ್ಲ, ಎಂತ” ಎಂದು ತಿದ್ದಿದೆ. ಅದೇ ಶುದ್ಧವೆಂದು ನಾನು ನಿಜವಾಗಿಯೂ ನಂಬಿದ್ದೆ. ಹುಡುಗಿ ಬೇಗ ಕಲಿತಳು. ಮರುವರ್ಷ ವೇದಿಕೆ ಹತ್ತಿ, ಆಸೀನರಾದವರನ್ನೆಲ್ಲ ಒಬ್ಬೊಬ್ಬರಾಗಿ ಸಂಬೋಧಿಸಿದಳು. ಮಕ್ಕಳು ಆಕಳಿಸಿದರು. ಅವಳಿಗೆ ಸಾಬೂನಿನ ಪೆಟ್ಟಿಗೆಯೂ ಬರಲಿಲ್ಲ. ನಾನು ಸಂತೋಷಪಟ್ಟೆ, ಸುಮಾರು ಅರ್ಧ ದಿನ.

ಈಗ ನನಗೆ ಮಣಿಪಾಲದ ತಣ್ಣನೆಯ ಸಭಾಂಗಣಗಳಲ್ಲಿ ಸೃಜನಶೀಲತೆಯ ಕುರಿತ ಸಂವಾದ ನಡೆಸಿಕೊಡುವ ಉದ್ಯೋಗ. ಕಾಲರಿಗೆ ಮೈಕು ಸಿಕ್ಕಿಸಿಕೊಂಡವರು ಬಂದು, ನೆಲದ ಮಾತು ಬೇಕು ಎಂದು ಬಹಳ ಶುದ್ಧವಾಗಿ ಹೇಳಿ ಹೋಗುತ್ತಾರೆ. ನಾನು ತಲೆಯಾಡಿಸುತ್ತೇನೆ. ಕಳೆದ ತಿಂಗಳು, ಪರ್ಕಳದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ರೇಣುಕಾಳನ್ನು ಮಾತಿಗೆ ಕರೆಯಲೆಂದು ಹೋದೆ.

“ನಾನಾ? ನನಗೆ ಎಂತ ಮಾತಾಡ್ಲಿಕ್ಕೆ ಬರ್ತದೆ ಮಾರಾಯ್ತಿ?” ಎಂದು ನಕ್ಕಳು. “ಅದೆಲ್ಲ ನಿನಗೇ ಸರಿ. ನೀನು ಹೊಲಿಯಲಿಕ್ಕೆ ಕೊಟ್ಟ ಬ್ಲೌಸಿಗೆ ಅವಸರ ಉಂಟಾ?”

“ನಿಮ್ಮ ಊರಿನ ಕನ್ನಡದಲ್ಲೇ ಮಾತಾಡು” ಎಂದೆ.

ಅವಳು ಹೊಲಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಪ್ರಯತ್ನಿಸಿದಳು. ಎರಡು ಶಬ್ದ ಬಂದವು, ಮೂರನೆಯದಕ್ಕೆ ತಡವರಿಸಿದಳು. “ಅವ್ವ ಹೋದ ಮೇಲೆ ಆಡ್ಲಿಕ್ಕೆ ಯಾರೂ ಇಲ್ಲ, ಬಿಟ್ಟೇ ಹೋಗಿದೆ” ಎಂದು, ನನ್ನನ್ನು ಸಮಾಧಾನಪಡಿಸುವವಳಂತೆ ಹೇಳಿದಳು. ಒಂದಕ್ಷರವೂ ತಪ್ಪಿರಲಿಲ್ಲ. ಎಲ್ಲ ನಾನು ಕಲಿಸಿದ ಹಾಗೆಯೇ ಇತ್ತು. ಅವಳ ಮುಂದೆ ಕೂತು ನನ್ನ ಹೊಟ್ಟೆಯಲ್ಲಿ ಆ ಹಳೆಯ ಉರಿಯನ್ನು ಹುಡುಕಿದೆ. ಇರಲಿಲ್ಲ. ನಾವಿಬ್ಬರೂ ಈಗ ಸಮಾನವಾಗಿ ಮಾತಾಡುತ್ತೇವೆ.