ಚಾಚಾ ಆನೆ ನೋಡಿದ್ದು

ಕಳೆದ ವಾರ ಹಳೆಯ ಪೆಟ್ಟಿಗೆ ತೆರೆದಾಗ ಒಂದು ಜವಾಬಿ ಕಾರ್ಡು ಸಿಕ್ಕಿತು. ಹಿಂದೆ ಅಂಚೆ ಕಚೇರಿಯಲ್ಲಿ ಜೋಡಿ ಕಾರ್ಡು ಮಾರುತ್ತಿದ್ದರು. ಒಂದರಲ್ಲಿ ನಮ್ಮ ಪ್ರಶ್ನೆ, ಇನ್ನೊಂದರಲ್ಲಿ ಅವರ ಉತ್ತರ. ಇದು ಉತ್ತರದ ಅರ್ಧ, ಬಂಡೀಪುರದ ಕಾಡಿನ ಕಚೇರಿಯಿಂದ ಬಂದದ್ದು. "ಒಂದು ರಾತ್ರಿಗೆ ಒಂದು ಕೋಣೆ ಕೊಡಲಾಗುವುದು. ದಿನಸಿ ನೀವೇ ತರತಕ್ಕದ್ದು." ಇಷ್ಟು ಬರೆಸಿಕೊಳ್ಳಲು ನಮಗೆ ಆರು ತಿಂಗಳು ಹಿಡಿದಿತ್ತು. ಸಂಸ್ಥಾನಗಳು ಇದಕ್ಕಿಂತ ಕಡಿಮೆ ಪತ್ರವ್ಯವಹಾರದಲ್ಲಿ ಕೈಬದಲಾಗಿವೆ.

ನಮಗೆ ಎಂದರೆ ನನಗೆ ಮತ್ತು ಪಕ್ಕದ ಮನೆಯ ಚಾಚಾ ಅವರಿಗೆ. ಶಹಾಬಾದಿನಲ್ಲಿ ನಮ್ಮ ಎರಡು ಮನೆಗೂ ಒಂದೇ ಗೋಡೆ. ನಾನಾಗ ಹೊಸದಾಗಿ ನೌಕರಿಗೆ ಸೇರಿದ ಗುಮಾಸ್ತ. ಅವರು ಭಂಕೂರದ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಅಳೆದು ಗುರುತು ಹಾಕುವವರು. ಐವತ್ತು ದಾಟಿದ ಮೇಲೆ ಅವರ ನೋಟದ ಅಂಚುಗಳು ಕತ್ತಲಾಗತೊಡಗಿದವು. ಕೊಳವೆಯೊಳಗಿಂದ ನೋಡಿದಂತೆ ನಡುವಿನದಷ್ಟೇ ಕಾಣುತ್ತಿತ್ತು. ಗುಲ್ಬರ್ಗದ ಡಾಕ್ಟರು ಕಾಲಾ ಮೋತಿಯಾ, ಅಂದರೆ ಗ್ಲಾಕೋಮಾ ಎಂದರು. ಉಳಿದದ್ದೂ ಎರಡು ಮೂರು ವರ್ಷದಲ್ಲಿ ಹೋಗುತ್ತದೆ ಎಂದರು. ಚಾಚಾ ಮನೆಗೆ ಬಂದು, ಚಹಾ ಕುಡಿದು, ಕಾಡಿನಲ್ಲಿ ತನ್ನ ಪಾಡಿಗೆ ತಾನಿರುವ ಆನೆಯನ್ನು ನೋಡಬೇಕೆಂದು ಘೋಷಿಸಿದರು. ಸರ್ಕಸ್ಸಿನದು ಬೇಡ.

"ಆನಿ ನೋಡ್ಲಿಕ್ಕ ಅಷ್ಟು ದೂರ ಯಾಕ ಹೋಗ್ತೀರಿ?" ಎಂದರು, ಮೈಕೈ ತುಂಬಿಕೊಂಡಿದ್ದ ಚಾಚಿ. "ಮೂವತ್ತು ವರ್ಷ ಆಯ್ತು, ಮನ್ಯಾಗೇ ಅದಲ್ಲ."

"ಅದನ್ನ ನೋಡೀನಿ. ಸಮಾಧಾನದ್ದೊಂದು ಇದ್ರ ನೋಡ್ಬೇಕಂತೀನಿ."

ಚಾಚಾ ನಿಜಾಮರ ಕಾಲದಲ್ಲಿ ಉರ್ದು ಕಲಿತವರು, ಕನ್ನಡ ಮಾತಿಗಷ್ಟೇ. ಹೀಗಾಗಿ ಅವರು ಹೇಳುವುದು, ನಾನು ಬರೆಯುವುದು. ಮೊದಲೆರಡು ಕಾರ್ಡುಗಳಲ್ಲಿ ಜಂಗಲ್ ಸಾಹೇಬರ ಕೀರ್ತಿಯನ್ನು ಕೊಂಡಾಡಿ, ಅವರ ಮತ್ತು ಅವರ ಆನೆಗಳ ಆರೋಗ್ಯ ವಿಚಾರಿಸುವಷ್ಟರಲ್ಲಿ ಜಾಗ ಮುಗಿದು, ಕೋಣೆ ಬೇಕೆಂಬ ಮಾತು ಉಳಿದೇ ಹೋಯಿತು. ಉತ್ತರ ಬರಲಿಲ್ಲ. ಮೂರನೆಯದನ್ನು ನಾನು ಅವರಿಗೆ ಓದಿ ಹೇಳದೆ ಎರಡೇ ಸಾಲಿನಲ್ಲಿ ಬರೆದು ಹಾಕಿದೆ. ಉತ್ತರ ಬಂದ ಮೇಲೆ ಗುಟ್ಟು ಒಪ್ಪಿಕೊಂಡೆ.

ವಾಡಿಯಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಬದಲಿಸಿ, ಬೆಂಗಳೂರು, ಮೈಸೂರು, ಅಲ್ಲಿಂದ ಬಸ್ಸು. ಹೋಟೆಲಿನ ಮುಖ ನೋಡದಂತೆ ಚಾಚಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕಟ್ಟಿಕೊಟ್ಟಿದ್ದರು. ನಿದ್ದೆ ರೈಲಿನಲ್ಲಿ, ಸ್ನಾನ ಸ್ಟೇಷನ್ನಿನ ನಲ್ಲಿಯಲ್ಲಿ.

ಕಾಡು ತಲುಪಿದ ಸಂಜೆ ಚಾಚಾ ಕೋಣೆಯೊಳಗೆ ಹೋಗಿ, ಗಂಜಿ ಹಾಕಿದ ಬಿಳಿ ಕುರ್ತಾ ಪೈಜಾಮ ತೊಟ್ಟು, ಕಿವಿಯ ಸಂದಿಗೆ ಅತ್ತರಿನ ಹತ್ತಿ ಸಿಕ್ಕಿಸಿಕೊಂಡು ಹೊರಬಂದರು. ಕಾವಲುಗಾರ ಮೇಲಿಂದ ಕೆಳಗೆ ನೋಡಿದ.

"ಏನ್ ಯಜಮಾನ್ರೇ, ಮದ್ವೆಗೆ ಹೊರಟ್ರಾ?"

"ದೊಡ್ಡವರ ಮನಿಗಿ ಹೊಂಟೀವ್ರಿ. ಹೊಲಸು ಅರಿವಿ ಮ್ಯಾಲ ಹೋಗ್ಲಿಕ್ಕ ಬರ್ತದೇನು?"

"ಈ ವಾಸ್ನೆಗೆ ಆನೆಗಳು ಕೇರಳ ಸೇರ್ಕೊಳ್ತವೆ," ಎಂದ ಆತ. ಆದರೆ ಕಾಡು ತೋರಿಸುವ ವ್ಯಾನು ಹೊರಟು ನಿಂತಿತ್ತು, ಬದಲಿಸಲು ಹೊತ್ತಿರಲಿಲ್ಲ.

ಮುಸ್ಸಂಜೆಯಲ್ಲಿ, ದೂರದ ಬಿದಿರಿನ ಬಳಿ ಆನೆಗಳಿದ್ದವು. ಎಲ್ಲರೂ ಬೆರಳು ತೋರಿಸಿದೆವು. ಚಾಚಾ ತಮ್ಮ ಕೊಳವೆಯನ್ನು ಅತ್ತಿತ್ತ ಹೊರಳಿಸುವಷ್ಟರಲ್ಲಿ ಅವು ಮರೆಯಾದವು. ಮರುದಿನ ಬೆಳಗಿನ ಬಸ್ಸಿಗೆ ನಾವು ಹೊರಡಬೇಕು. ಮತ್ತೊಮ್ಮೆ ಬರೋಣವೆಂದರೆ, ಅಲ್ಲಿಯವರೆಗೆ ಕಣ್ಣು ಕಾಯಬೇಕಲ್ಲ...

"ಕಂಡವು ಅಂತ ಹೇಳ್ರಿ ಚಾಚಾ," ಎಂದೆ. "ಶಹಾಬಾದಿನ್ಯಾಗ ಯಾರು ಕೇಳ್ತಾರ?"

"ಯಾರೂ ಕೇಳಂಗಿಲ್ಲ ಬೇಟಾ. ನಾ ಕೇಳ್ತೀನಲ್ಲ."

ಬೆಳಗಾಗುವ ಮೊದಲೇ ಎದ್ದು, ಕಡಲೆಹಿಟ್ಟು ಹಚ್ಚಿ ಮೂರು ಸಲ ಮೈ ತೊಳೆದರು. ಉಳಿದ ಶೇಂಗಾ ಹಿಂಡಿಯನ್ನೆಲ್ಲ ಕಾವಲುಗಾರನಿಗೆ ಅರ್ಪಿಸಿ, ಅವನ ಹಳೆಯ ಖಾಕಿ ಅಂಗಿ ಪಡೆದು ತೊಟ್ಟರು. ರಸ್ತೆ ಬದಿಯ ಕೆರೆಯೆದುರು ಅವನ ಗುಡಿಸಲಿತ್ತು. ಬಸ್ಸು ಬರುವವರೆಗೆ ಅದರೊಳಗೆ ಕೂರಲು ಬಿಟ್ಟ. ಕೆಮ್ಮಬಾರದು ಎಂದ. ಚಾಚಾ ಕೆಮ್ಮಲಿಲ್ಲ, ಬೀಡಿ ಸೇದಲಿಲ್ಲ, ಕೆರೆಯಿಂದ ನೋಟ ಕದಲಿಸಲಿಲ್ಲ. ಬಸ್ಸು ಬಂತು. ನಾನು ಎದ್ದೆ. ಅವರು ತಿರುಗಿಯೂ ನೋಡದೆ ನನ್ನ ಅಂಗಿಯ ಚುಂಗು ಹಿಡಿದು ಕೂರಿಸಿದರು. ಬಸ್ಸು ಹೋಯಿತು.

ಸೂರ್ಯ ನೆತ್ತಿಗೆ ಬಂದಾಗ ಒಂದು ಹೆಣ್ಣಾನೆ ನೀರಿಗಿಳಿಯಿತು. ಐವತ್ತು ಹೆಜ್ಜೆ ದೂರ, ನಿಚ್ಚಳ ಬೆಳಕು. ಅದು ಅವರ ನೋಟದೊಳಗೆ ಇಡಿಯಾಗಿ ಹಿಡಿಯಲಿಲ್ಲ. ಸೊಂಡಿಲು, ಕಿವಿ, ಹೊಟ್ಟೆ... ಕಲ್ಲಿನ ಒಂದು ತುದಿಯಿಂದ ಇನ್ನೊಂದಕ್ಕೆ ಟೇಪು ಹಿಡಿದು ಹೋದಂತೆ ಅವರ ತಲೆ ನಿಧಾನವಾಗಿ ಸರಿಯಿತು. ಅಳತೆ ತಪ್ಪಿರಬಾರದೆಂದು ಮತ್ತೆ ಹಿಂದಕ್ಕೂ ಬಂತು.

"ಬಾಲದ ತುದಿಗಷ್ಟೇ ಕೂದಲ ಅವ," ಎಂದು ಪಿಸುಗುಟ್ಟಿದರು. "ಅದೂ ಎರಡೇ ಬದಿಗಿ."

ನನ್ನ ರಜೆ ಒಂದು ದಿನ ಮೀರಿತು. ಕಚೇರಿಯಲ್ಲಿ ಕಾರಣ ಕೇಳಿದರು. ಆನೆ ತಡವಾಗಿ ಆಗಮಿಸಿದ್ದರಿಂದ ಎಂದು ಬರೆದುಕೊಟ್ಟೆ.

ಡಾಕ್ಟರು ಹೇಳಿದಂತೆಯೇ ಕಣ್ಣು ಪೂರ್ತಿ ಹೋದವು. ಆಮೇಲೆ ಚಿತ್ತಾಪುರ, ಸೇಡಂ ಕಡೆಯಿಂದ ಕಾಡು ನೋಡಲು ಹೊರಟವರಿಗೆಲ್ಲ ಚಾಚಾ ಕಟ್ಟೆಯ ಮೇಲೆ ಕುಳಿತು ದಾರಿ ಹೇಳತೊಡಗಿದರು. ಗಾಡಿ ಎಲ್ಲಿ ಬದಲಿಸುವುದು, ಬುತ್ತಿ ಎಷ್ಟು ಕಟ್ಟುವುದು, ಕಾರ್ಡಿನಲ್ಲಿ ಎರಡೇ ಸಾಲು, ಅತ್ತರು ಬೇಡ. ಹೋಗಿ ಬಂದವರು ಅವರೆದುರು ಕುಳಿತು ಕಂಡದ್ದನ್ನು ಹೇಳಬೇಕಿತ್ತು. ನಡುವೆ ತಟ್ಟನೆ, "ಬಾಲ ಹ್ಯಾಂಗಿತ್ತು?" ಎನ್ನುವರು. ತೊದಲಿದವನಿಗೆ, "ಹೋಗಿ ನೋಡ್ಕೊಂಡು ಬಾ."

ಅವರು ಹೋಗಿ ಎಷ್ಟೋ ವರ್ಷಗಳಾದವು. ಈಗ ನಮ್ಮ ಚಿಂಚೋಳಿಯ ಕಾಡೇ ಅಭಯಾರಣ್ಯವಾಗಿದೆ. ಹೋದ ತಿಂಗಳು ಬಸ್ಸು ಹಿಡಿದು ಒಬ್ಬನೇ ಹೋಗಿದ್ದೆ. ಬಂಡೆಯ ಮೇಲೊಂದು ನರಿ ಕುಳಿತಿತ್ತು. ಅದರ ಬಾಲದ ತುದಿ ಕಪ್ಪು ಎಂಬುದನ್ನು ನಿಂತು, ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ. ಮನೆಗೆ ಬಂದೆ. ಯಾರೂ ಕೇಳಲಿಲ್ಲ.