ಎರಡನೇ ಕ್ಯಾಸೆಟ್ ನೋಡಲು ಅಬುಧಾಬಿಗೆ

ಶುಕ್ರವಾರ ಬೆಳಿಗ್ಗೆ ಬರ್ ದುಬೈನ ಟ್ಯಾಕ್ಸಿ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಅಬುಧಾಬಿಗೆ ಶೇರ್ ಟ್ಯಾಕ್ಸಿಯಲ್ಲಿ ತಲೆಗೆ ಮೂವತ್ತು ದಿರ್ಹಮ್. ಪಠಾಣ ಡ್ರೈವರ್ ಇನ್ನೊಬ್ಬ ಪ್ರಯಾಣಿಕನಿಗಾಗಿ ಕಾದು ಕಾದು, ಕೊನೆಗೆ "ಯಲ್ಲಾ, ಚಲೋ" ಎಂದು ಹೊರಟ. ನನ್ನ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ಜೊತೆಗೆ ನನ್ನ ಯಜಮಾನರು ಹೇಳಿಹೋದ ಕೊನೆಯ ಉತ್ತರವೊಂದನ್ನು ರೊನಾಲ್ಡ್ ಅವರಿಗೆ ಮುಟ್ಟಿಸಬೇಕಿತ್ತು.

ರೊನಾಲ್ಡ್ ಮಂಗಳೂರಿನವರು, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವರು. ನಾವು ಧಾರವಾಡದ ಪಾಟೀಲರು. ಇಬ್ಬರು ಗಂಡಸರನ್ನು ಕೂಡಿಸಿದ್ದು ಬ್ರಿಟಿಷ್ ಟಿವಿಯ ಪೊಲೀಸ್ ಧಾರಾವಾಹಿಗಳು. ಲಂಡನ್ನಿನಲ್ಲಿ ನರ್ಸ್ ಆಗಿರುವ ರೊನಾಲ್ಡರ ತಂಗಿ ಅವನ್ನು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಒಂದು ಕಥೆಗೆ ಎರಡು ಕ್ಯಾಸೆಟ್. ಮೊದಲನೆಯದು ನಮ್ಮ ಮನೆಯಲ್ಲಿ, ಎರಡನೆಯದು ಅವರ ಮನೆಯಲ್ಲಿ. ಎರಡನೆಯದನ್ನು ಹಾಕುವ ಮೊದಲು ಕೊಲೆ ಮಾಡಿದವರು ಯಾರೆಂದು ಹೇಳಿಬಿಡಬೇಕು. ತಪ್ಪಿದವರು ಊಟದ ಪಾತ್ರೆ ತೊಳೆಯಬೇಕು. ಈ ಸಲ ಎರಡು ಕ್ಯಾಸೆಟ್‌ಗಳ ನಡುವೆ ನನ್ನ ಯಜಮಾನರು ತೀರಿಕೊಂಡರು. ಎರಡನೆಯದನ್ನು ರೊನಾಲ್ಡ್ ಅದುವರೆಗೆ ಹಾಕಿ ನೋಡಿರಲಿಲ್ಲ.

ಜೆಬೆಲ್ ಅಲಿ ದಾಟಿದ ಮೇಲೆ ಮಂಜು ಕರಗಿ, ಎರಡೂ ಕಡೆ ಮರಳು ಕಾಣಿಸಿತು. ನೂರೈವತ್ತು ಕಿಲೋಮೀಟರಿನ ನೇರ ರಸ್ತೆ, ಯೋಚಿಸಲು ಬೇಕಾದಷ್ಟು ಸಮಯ. ಡಿಶ್ಶಿನಲ್ಲಿ ದಿನವೂ ಬರುವ ಅಮೆರಿಕದ ಪೊಲೀಸರು ನನಗೆ ಹಿಡಿಸಲಿಲ್ಲ. ಕಾರು ಓಡುತ್ತದೆ, ಪಿಸ್ತೂಲು ಸಿಡಿಯುತ್ತದೆ, ಒಂದು ತಾಸಿನಲ್ಲಿ ಎಲ್ಲ ಮುಗಿಯುತ್ತದೆ. ಸತ್ತವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಬ್ರಿಟಿಷ್ ಇನ್ಸ್‌ಪೆಕ್ಟರನ ಕೈಯಲ್ಲಿ ಪಿಸ್ತೂಲಿಲ್ಲ. ಆತ ಒದ್ದೆ ಕೋಟಿನಲ್ಲಿ ಸತ್ತವರ ಮನೆಗೆ ಹೋಗಿ ಬಾಗಿಲು ಬಡಿಯುತ್ತಾನೆ, ಸುದ್ದಿ ಹೇಳುತ್ತಾನೆ, ಆಮೇಲೆ ಅಲ್ಲೇ ಕೂತುಕೊಳ್ಳುತ್ತಾನೆ. ಕ್ಯಾಮೆರಾ ಸಹ ಅಲ್ಲಿಂದ ಏಳುವುದಿಲ್ಲ.

ಈ ಕಥೆಯಲ್ಲಿ ಸತ್ತವನು ಒಬ್ಬ ಶಾಲಾ ಮೇಷ್ಟ್ರು. ಕಾಲುವೆಯಲ್ಲಿ ಹೆಣ ಸಿಕ್ಕಿತ್ತು. "ಡಾಕ್ಟರನೇ ಮಾಡಿದ್ದು, ಬರಕೋ ಬೇಕಾದ್ರ" ಎಂದು ನನ್ನ ಯಜಮಾನರು ಅಡಿಗೆಮನೆಗೆ ಬಂದು ನನ್ನೆದುರು ಹೇಳಿದ್ದರು. ಹೊರಡುವ ಮುನ್ನಾದಿನ ಮೊದಲ ಕ್ಯಾಸೆಟ್ಟನ್ನು ಒಬ್ಬಳೇ ಮತ್ತೆ ನೋಡಿದೆ. ಸುದ್ದಿ ಕೇಳಿದ ಮೇಷ್ಟ್ರ ಅಕ್ಕ ಕಣ್ಣೀರು ಒರೆಸಿಕೊಂಡು, ಚಹಾ ಸೋಸಿ, ಇನ್ಸ್‌ಪೆಕ್ಟರನಿಗೆ ಸಕ್ಕರೆ ಎಷ್ಟು ಚಮಚ ಎಂದು ಕೇಳಿದಳು. ಅಲ್ಲಿ ನಾನು ಟೇಪ್ ನಿಲ್ಲಿಸಿದೆ.

ಯಜಮಾನರು ಕೆಲಸ ಮಾಡುತ್ತಿದ್ದ ಅಲ್ ಕೂಜ್‌ನ ವರ್ಕ್‌ಶಾಪಿನಿಂದ ಇಬ್ಬರು ಸುದ್ದಿ ತಂದು ನಮ್ಮ ಬಾಗಿಲಲ್ಲಿ ನಿಂತ ದಿನ ನನಗೆ ಒಲೆ ಹಚ್ಚಲೂ ಆಗಿರಲಿಲ್ಲ. ಬಂದವರಲ್ಲಿ ಒಬ್ಬರು ಚಹಾಕ್ಕಿಟ್ಟು ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿದರು. ನನ್ನ ಅಡಿಗೆಮನೆಯ ಡಬ್ಬಿ ಎಲ್ಲಿದೆಯೆಂದು ನನಗೆ ಹೇಳಲಾಗಲಿಲ್ಲ.

ಯಜಮಾನರ ಉತ್ತರ ತಪ್ಪೆಂದು ನನಗೆ ಖಾತ್ರಿಯಾಗಿತ್ತು. ಅದನ್ನೇ ಹೇಳಿ ಸುಮ್ಮನಿರುವುದೋ, ನನ್ನದನ್ನೂ ಹೇಳಿ ಅವರ ಕೊನೆಯ ಆಟದಲ್ಲಿ ಅವರನ್ನು ನಾನೇ ಸೋಲಿಸುವುದೋ? ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಇಳಿಯುವವರೆಗೂ ತೀರ್ಮಾನವಾಗಲಿಲ್ಲ.

ರೊನಾಲ್ಡರ ಹೆಂಡತಿ ಲವೀನಾ ಬಾಗಿಲು ತೆರೆದು ನನ್ನ ಕೈ ಹಿಡಿದುಕೊಂಡೇ ಒಳಗೆ ಕರೆದೊಯ್ದಳು. ಮೀನು ಮಾಂಸ ತಿನ್ನದ ನನಗಾಗಿ ಬೇರೆ ಪಾತ್ರೆಯಲ್ಲಿ ಕಡಲೆ ಗಸಿ, ಜೊತೆಗೆ ನೀರ್ ದೋಸೆ ಮಾಡಿದ್ದಳು. ರೊನಾಲ್ಡ್ ಕ್ಯಾಸೆಟ್ ಹಿಡಿದು ನಿಂತೇ ಇದ್ದರು.

"ಮೊದಲು ಊಟ ಮಾರಾಯ್ರೆ, ಕೊಲೆ ಮತ್ತೆ" ಎಂದಳು ಲವೀನಾ.

ಊಟವಾದ ಮೇಲೆ ರೊನಾಲ್ಡ್ ಗಂಟಲು ಸರಿಮಾಡಿಕೊಂಡರು. "ನನ್ನದು ತೋಟದವ. ಪಾಟೀಲ್ರು ಎಂತ ಹೇಳಿದ್ರು ಅಕ್ಕ?"

"ಡಾಕ್ಟರ್ ಅಂದಿದ್ರು." ಅಲ್ಲಿಗೇ ನಿಲ್ಲಿಸಬಹುದಿತ್ತು. "ನಾ ಅಂತೀನಿ, ಆ ಮೇಷ್ಟ್ರ ಅಕ್ಕ."

"ಒಂದು ಮನೆಗೆ ಎರಡು ಉತ್ತರವಾ? ಅದು ಆಗ್ಲಿಕ್ಕಿಲ್ಲ."

"ಅದು ಅವರದು, ಇದು ನಂದು. ಇಷ್ಟು ವರ್ಷ ನಿಮಗ ಚಹಾ ಕೊಟಗೋತ ನಾನೂ ನೋಡೇನಲ್ಲ!"

"ಸರಿಯಾಗಿಯೇ ಹೇಳಿದ್ರು. ನೀವು ಸುಮ್ಮನೆ ಕ್ಯಾಸೆಟ್ ಹಾಕಿ ಈಗ" ಎಂದಳು ಲವೀನಾ ಗಂಡನಿಗೆ.

ಯಾವಾಗಲೂ ಯಜಮಾನರು ಕೂರುತ್ತಿದ್ದ ಕುರ್ಚಿ ಖಾಲಿಯಿತ್ತು. ನಾನು ಹೋಗಿ ಅದರಲ್ಲೇ ಕೂತೆ. ಕಥೆ ನಿಧಾನವಾಗಿ ಸಾಗಿತು. ತೋಟದವನ ಮೇಲಿನ ಸಂಶಯ ಹೋಯಿತು, ಡಾಕ್ಟರನ ಮೇಲಿನದೂ ಹೋಯಿತು. ಕೊನೆಗೆ ಇನ್ಸ್‌ಪೆಕ್ಟರ್ ಮೇಷ್ಟ್ರ ಅಕ್ಕನ ಬಾಗಿಲನ್ನು ಮತ್ತೊಮ್ಮೆ ಬಡಿದ. ಅಕ್ಕ ಈ ಸಲ ಚಹಾ ಮಾಡಲಿಲ್ಲ.

ಟಿವಿ ಆರಿಸಿದ ರೊನಾಲ್ಡ್ ನನ್ನ ಕಡೆ ತಿರುಗಿದರು. "ಅಕ್ಕ, ನಿಮಗೆ ಹೇಗೆ ಗೊತ್ತಾಯ್ತು?"

"ಸಕ್ಕರೆ ಎಷ್ಟು ಅಂತ ಕೇಳಿದ್ಲಲ್ಲ" ಎಂದೆ. ನಮ್ಮ ಅಡಿಗೆಮನೆಯಲ್ಲಿ ಆ ದಿನ ಆದದ್ದನ್ನು ಹೇಳಿದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಲವೀನಾ ನನ್ನ ಪಕ್ಕಕ್ಕೆ ಬಂದು ಕೂತಳು.

ರೊನಾಲ್ಡ್ ಅಂಗಿಯ ತೋಳು ಮಡಚಿಕೊಂಡು ಎದ್ದರು. "ಪಾಟೀಲ್ರೂ ಸೋತಿದ್ದಾರೆ. ಅವರ ಪಾಲಿನದ್ದೂ ನಾನೇ ತೊಳೆಯುವುದಾ?"

"ಬ್ಯಾಡ. ಅವರ ಪಾಲಿಂದು ನಾ ತೊಳೀತೀನಿ."

ಗೆದ್ದವರು ಪಾತ್ರೆ ಮುಟ್ಟುವಂತಿಲ್ಲ ಎಂದು ಲವೀನಾ ಜಗಳ ತೆಗೆದಳು. ನಾನು ಕೇಳಲಿಲ್ಲ. ಅರ್ಧ ಪಾತ್ರೆ ಲೆಕ್ಕಮಾಡಿ ನನ್ನ ಕಡೆ ಎಳೆದುಕೊಂಡೆ. ದೋಸೆಯ ಕಾವಲಿಯೂ ನನ್ನ ಪಾಲಿಗೇ ಬಂತು.

ಸಂಜೆ ವಾಪಸು ಬರುವಾಗ ಟ್ಯಾಕ್ಸಿಯ ಹಿಂದಿನ ಸೀಟಿನ ಕಿಟಕಿ ಸಿಕ್ಕಿತು. ಡಾಕ್ಟರ್ ಯಾಕೆ ಅಲ್ಲ ಎಂದು ಬರ್ ದುಬೈವರೆಗೂ ಯಜಮಾನರಿಗೆ ಮನಸ್ಸಿನಲ್ಲೇ ಬಿಡಿಸಿ ಹೇಳುತ್ತ ಬಂದೆ. ಅವರು ಒಪ್ಪುವವರಲ್ಲ. ಕೈಯಿಂದ ಪಾತ್ರೆ ಸಾಬೂನಿನ ನಿಂಬೆ ವಾಸನೆ ಇನ್ನೂ ಹೋಗಿರಲಿಲ್ಲ.